ಮೊದಲು ಕುರ್ಚಿಯ ಅಡಿ ನೋಡಿ: ಚೀನಾದ ಹಳೆಯ ಗಡಸುಮರದ ಕುರ್ಚಿಗಳು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಿಂಗ್ (1368–1644) ಮತ್ತು ಚಿಂಗ್ (1644–1911) ಕಾಲದ ಕೈಕುರ್ಚಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮರ ಯಾವುದು, ಬೆಲೆ ಎಷ್ಟು ಎಂಬಲ್ಲೇ ಸುತ್ತುತ್ತವೆ. ಮರ ಮುಖ್ಯ, ಇಲ್ಲವೆನ್ನುವುದಿಲ್ಲ. ಆದರೆ ಕೂತವನ ಅಂತಸ್ತನ್ನು ಆ ಕಾಲದವರು ಮೊದಲು ಗುರುತಿಸುತ್ತಿದ್ದದ್ದು ಕುರ್ಚಿಯ ಆಕಾರದಲ್ಲಿ, ಅದನ್ನು ಇಟ್ಟ ಜಾಗದಲ್ಲಿ. ಅದನ್ನು ಮಾಡಿದ ಬಡಗಿಯ ನಿಜವಾದ ಕೈಚಳಕ ಇರುವುದು ಕಣ್ಣಿಗೆ ಬೀಳದ ಕೀಲುಗಳಲ್ಲಿ.

ಪ್ರಶ್ನೆ: ಹಳೆಯ ಚೀನಾದಲ್ಲಿ ಕೈಕುರ್ಚಿ ಎಂದರೆ ಅಧಿಕಾರದ ಗುರುತು ಎಂದು ಓದಿದ್ದೇನೆ. ಸಾಮಾನ್ಯರು ಕೂರಬಾರದು ಎಂಬ ಕಾನೂನೇ ಇತ್ತೇ?

ಹಾಗೆ ನೇರವಾದ ನಿಷೇಧ ಇತ್ತೆಂದು ತಿಳಿಯಬೇಡಿ. ಕಾನೂನಿನ ಕಣ್ಣು ಇದ್ದದ್ದು ಅಲಂಕಾರದ ಮೇಲೆ. 1393ರ ಮಿಂಗ್ ನಿಯಮದ ಪ್ರಕಾರ ಅಧಿಕಾರಿಗಳ ಮನೆಯ ಪೀಠೋಪಕರಣಗಳ ಮೇಲೂ ಡ್ರ್ಯಾಗನ್ ಕೆತ್ತುವಂತಿರಲಿಲ್ಲ, ಕೆಂಪು ಅರಗು ಬಳಿದು ಚಿನ್ನದ ಕೆಲಸ ಮಾಡಿಸುವಂತಿರಲಿಲ್ಲ. ಅವೆಲ್ಲ ಅರಮನೆಗೆ ಮೀಸಲು. ಬಣ್ಣವಿಲ್ಲದ, ಕೆತ್ತನೆ ತೀರ ಕಡಿಮೆಯಿರುವ, ಮರದ ಎಳೆಯೇ ಅಲಂಕಾರವಾದ ಕುರ್ಚಿಗೆ ಈ ನಿಯಮ ತಾಗುವುದಿಲ್ಲ ಎನ್ನುವುದನ್ನು ಗಮನಿಸಿ. ದುಡ್ಡಿದ್ದವನು ಸದ್ದಿಲ್ಲದೆ ತನ್ನ ಅಂತಸ್ತು ತೋರಿಸಲು ಅಷ್ಟು ಸಾಕಿತ್ತು.

ಕುರ್ಚಿಗೂ ಅಧಿಕಾರಕ್ಕೂ ನಂಟು ಬೆಸೆದದ್ದು ಇದಕ್ಕೂ ಬಹಳ ಹಿಂದೆ. ಹಾನ್ ಕಾಲದವರೆಗೆ (ಕ್ರಿ.ಪೂ. 206–ಕ್ರಿ.ಶ. 220) ಚೀನಾದಲ್ಲಿ ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದರು. ಇಂದಿಗೂ ಚೀನೀ ಭಾಷೆಯಲ್ಲಿ ಅಧ್ಯಕ್ಷನಿಗಿರುವ ‘ಝುಶಿ’ ಎಂಬ ಮಾತಿನ ಅಕ್ಷರಾರ್ಥ ‘ಮುಖ್ಯ ಚಾಪೆ’! 2ನೇ ಶತಮಾನದ ಹೊತ್ತಿಗೆ ಗಡಿಯಾಚೆಯಿಂದ ಮಡಚುವ ಮಣೆಪೀಠ ಬಂತು. ಹೊರಗಿನವರದ್ದೆಂದು ಅದಕ್ಕೆ ‘ಹು ಚ್ವಾಂಗ್’ ಎಂದೇ ಹೆಸರು. ಟಾಂಗ್ ಕಾಲದಿಂದ (618–907) ಸಾಂಗ್ ಕಾಲದೊಳಗೆ (960–1279) ಎತ್ತರದ ಕುರ್ಚಿ ಮನೆಯೊಳಗೆ ನೆಲೆಯಾಯಿತು. ಆ ಮಡಚುಪೀಠಕ್ಕೆ ಬಾಗಿದ ಒರಗು ಮತ್ತು ಕೈ ಸೇರಿ ಆದದ್ದೇ ‘ಜಿಯಾವೊಯಿ’. ಯಜಮಾನ ಬೇಟೆಗೋ ಪ್ರಯಾಣಕ್ಕೋ ಹೊರಟರೆ ಆಳು ಅದನ್ನು ಹೊತ್ತು ಹಿಂದೆ ನಡೆಯುತ್ತಿದ್ದ. ತಂಗಿದಲ್ಲಿ ಒಬ್ಬನಿಗೆ ಕುರ್ಚಿ, ಉಳಿದವರು ನಿಂತೇ ಇರಬೇಕು. ‘ಮೊದಲ ಜಿಯಾವೊಯಿಯಲ್ಲಿ ಕೂರುವುದು’ ಎಂದರೆ ಗುಂಪಿನ ನಾಯಕನಾಗುವುದು ಎಂಬ ನುಡಿ ಈಗಲೂ ಬಳಕೆಯಲ್ಲಿದೆ.

ಮನೆಯೊಳಗೆ ಲೆಕ್ಕ ಬೇರೆ. ನಡುಮನೆಯ ಉತ್ತರದ ಗೋಡೆಗೆ ಉದ್ದನೆಯ ಮೇಜು, ಅದರ ಮುಂದೆ ಚೌಕ ಮೇಜು, ಆ ಮೇಜಿನ ಎರಡು ಬದಿಗೆ ದಕ್ಷಿಣಕ್ಕೆ ಮುಖಮಾಡಿ ಎರಡು ಕೈಕುರ್ಚಿ. ಕೂತವರ ಎಡಕ್ಕೆ, ಅಂದರೆ ಪೂರ್ವಕ್ಕೆ ಇರುವುದು ಹೆಚ್ಚಿನ ಮರ್ಯಾದೆಯ ಜಾಗ. ಕಿರಿಯರಿಗೆ ಕೈಯಿಲ್ಲದ ಕುರ್ಚಿ, ಇಲ್ಲವೇ ಮಣೆಪೀಠ. ಹಬ್ಬಹರಿದಿನ ಬಂದರೆ ಒರಗಿನ ನೆತ್ತಿಯಿಂದ ಮುಂದಿನ ಕಾಲಿನವರೆಗೆ ರೇಷ್ಮೆ ಹೊದಿಕೆ. ಹಿರೀಕರ ಭಾವಚಿತ್ರಗಳಲ್ಲಿ ಕುರ್ಚಿಯ ಮರವೇ ಕಾಣದ ಹಾಗೆ ಬಟ್ಟೆ ಅಥವಾ ಹುಲಿಚರ್ಮ ಹಾಸಿರುವುದನ್ನು ಗಮನಿಸಿ. ಲಕ್ಷಗಟ್ಟಲೆ ಕೊಟ್ಟು ನಾವು ಕೊಳ್ಳುವ ಮರವನ್ನು ಅವರು ದೊಡ್ಡ ದಿನಗಳಲ್ಲಿ ಮುಚ್ಚಿಡುತ್ತಿದ್ದರು.

ಗಡಸುಮರ ಶೋಕಿಯಾದದ್ದು 16ನೇ ಶತಮಾನದ ಕೊನೆಯ ಭಾಗದಲ್ಲಿ. 1567ರಲ್ಲಿ ಕಡಲ ವ್ಯಾಪಾರದ ಮೇಲಿನ ನಿಷೇಧ ಸಡಿಲವಾಗಿ ಆಗ್ನೇಯ ಏಷ್ಯಾದ ಮರ ಸಲೀಸಾಗಿ ಬರತೊಡಗಿತು. ಶಾಂಘೈ ಸಮೀಪದ ಸಾಂಗ್‌ಜಿಯಾಂಗ್‌ನ ಫಾನ್ ಲಿಯೆನ್ ಎಂಬವನು ಅದೇ ಕಾಲದಲ್ಲಿ ಬರೆದಿಟ್ಟ ಗೊಣಗಾಟವೊಂದಿದೆ. ತಾನು ಹುಡುಗನಾಗಿದ್ದಾಗ ನಯಮರದ, ಅಂದರೆ ನವುರು ಎಳೆಯ ಗಡಸುಮರದ ಸಾಮಾನು ಒಂದನ್ನೂ ಕಂಡಿರಲಿಲ್ಲ, ಜನ ಗಿಂಕ್ಗೊ ಮರದ ಅರಗಿನ ಮೇಜಿನಲ್ಲೇ ತೃಪ್ತರಾಗಿದ್ದರು. ಈಗ ಕಚೇರಿ ಜವಾನರ ಮನೆಯಲ್ಲೂ ನಯವಾದ ಸಾಮಾನು ಬಂದಿದೆ ಎನ್ನುತ್ತಾನೆ. ಹೊಸದಾಗಿ ಬಂದ ಹಣ, ಹಳೆಯ ಅಂತಸ್ತಿನವರ ಮುನಿಸು ಎರಡೂ ಆ ಮಾತಿನಲ್ಲಿವೆ.

ಪ್ರಶ್ನೆ: ಹರಾಜು ಪಟ್ಟಿಗಳಲ್ಲಿ ಹತ್ತಾರು ಹೆಸರು ಬರುತ್ತವೆ. ನೋಡಿದ ತಕ್ಷಣ ಗುರುತಿಸುವುದು ಹೇಗೆ?

ಒರಗಿನ ನೆತ್ತಿಪಟ್ಟಿಯನ್ನೂ ಕೈಗಳ ತುದಿಯನ್ನೂ ನೋಡಿ, ಅರ್ಧ ಕೆಲಸ ಮುಗಿಯಿತು.

ನೆತ್ತಿಪಟ್ಟಿಯೇ ಕುದುರೆ ಲಾಳದಂತೆ ಬಾಗಿ ಇಳಿದು ಕೈಯಾಗಿದ್ದರೆ ಅದು ‘ಕ್ವಾನ್‌ಯಿ’. ಮೇಲೆ ದುಂಡು, ಕೆಳಗೆ ಚೌಕ. ಆಕಾಶ ದುಂಡು, ಭೂಮಿ ಚೌಕ ಎಂಬ ಅಲ್ಲಿನ ಹಳೆಯ ನಂಬಿಕೆಯೊಂದಿಗೆ ಈ ರೂಪವನ್ನು ಹೋಲಿಸುವುದುಂಟು. ನೆತ್ತಿಪಟ್ಟಿ ಎರಡೂ ಕಡೆ ಕಂಬಗಳನ್ನು ದಾಟಿ ಚಾಚಿದ್ದು, ಕೈಗಳೂ ಮುಂಗಂಬ ದಾಟಿ ಚಾಚಿದ್ದರೆ ಒಟ್ಟು ನಾಲ್ಕು ತುದಿ ಹೊರಗೆ. ಅದು ‘ಗ್ವಾನ್‌ಮಾವೊಯಿ’, ಅಧಿಕಾರಿಯ ಟೋಪಿಯ ಕುರ್ಚಿ. ರೆಕ್ಕೆ ಚಾಚಿದ ಕಪ್ಪು ಟೋಪಿಯನ್ನು ಹೋಲುತ್ತದೆಂದು ಈ ಹೆಸರು. ಚಾಚು ಇಲ್ಲದೆ ಮೂಲೆಗಳು ನಯವಾಗಿ ಬಾಗಿ ಕೂಡಿಕೊಂಡಿದ್ದರೆ ಅದನ್ನು ‘ದಕ್ಷಿಣದ ಟೋಪಿ ಕುರ್ಚಿ’ ಎನ್ನುತ್ತಾರೆ. ಒರಗು ಗಿಡ್ಡವಿದ್ದು, ಕೂರುವ ಹಲಗೆಗೆ ನೆಟ್ಟಗೆ ನಿಂತಿದ್ದರೆ ‘ಮೇಗ್ವೇಯಿ’, ಗುಲಾಬಿ ಕುರ್ಚಿ. ಇದು ಕಿಟಕಿಯ ಕೆಳಗೂ ಮೇಜಿನ ಬಳಿಯೂ ನೋಟಕ್ಕೆ ಅಡ್ಡಬರುವುದಿಲ್ಲ. ಆದರೆ ಬೆನ್ನು ಆನಿಸಿದರೆ ನೆತ್ತಿಪಟ್ಟಿ ನೇರ ಬೆನ್ನಿಗೇ ಒತ್ತುತ್ತದೆ.

ಚಿಂಗ್ ಕಾಲದ ‘ತಾಯ್‌ಶಿಯಿ’ ಬೇರೆಯೇ ಜಾತಿ. ದಪ್ಪ ಮರ, ತುಂಬಿದ ಕೆತ್ತನೆ, ಕೆಲವೊಮ್ಮೆ ಅಮೃತಶಿಲೆಯ ತುಂಡು ಕೂರಿಸಿದ್ದು. ಮಣೆಪೀಠ ಒಂದು, ಅದರ ಮೇಲೆ ಮೂರು ಕಡೆ ನಿಲ್ಲಿಸಿದ ತಡಿಕೆ ಒಂದು ಎಂಬಂತೆ ಕಟ್ಟಿರುತ್ತಾರೆ. ಕೂರುವುದಕ್ಕಿಂತ ಕಾಣಿಸಿಕೊಳ್ಳುವುದಕ್ಕೇ ಮಾಡಿದ ಕುರ್ಚಿ ಅದು. ನಮಗಂತೂ ಮಿಂಗ್ ರೂಪವೇ ಹೆಚ್ಚು ಇಷ್ಟ.

ಪ್ರಶ್ನೆ: ಮೊಳೆಯಿಲ್ಲ, ಅಂಟಿಲ್ಲ ಎನ್ನುತ್ತಾರೆ. ಹಾಗಿದ್ದರೆ ನಾನೂರು ವರ್ಷ ನಿಂತದ್ದು ಹೇಗೆ? ನನ್ನ ಬಳಿ ಇರುವ ಕ್ವಾನ್‌ಯಿ ಸ್ವಲ್ಪ ಅಲ್ಲಾಡುತ್ತದೆ. ಒಂದೆರಡು ಸ್ಕ್ರೂ ಹಾಕಿಸಲೇ?

ಸ್ಕ್ರೂ ಖಂಡಿತ ಬೇಡ. ಕಾರಣ ತಿಳಿಯಲು ಕುರ್ಚಿಯನ್ನು ಒಮ್ಮೆ ಬಿಚ್ಚಿದಂತೆ ಊಹಿಸಿಕೊಳ್ಳಿ.

ಮುಂದಿನ ಕಾಲು ಮತ್ತು ಅದರ ಮೇಲೆ ಕೈಯನ್ನು ಹೊರುವ ಕಂಬ ಸಾಮಾನ್ಯವಾಗಿ ಒಂದೇ ಮರ. ಹಿಂದಿನ ಕಾಲು ಮತ್ತು ಒರಗಿನ ಕಂಬವೂ ಅಷ್ಟೆ. ಕೂರುವ ಚೌಕಟ್ಟಿನ ನಾಲ್ಕು ಮೂಲೆಯ ತೂತುಗಳ ಮೂಲಕ ಈ ಕಂಬಗಳು ಮೇಲೇಳುತ್ತವೆ. ಚೌಕಟ್ಟಿನ ಕೆಳಗೆ ಕಾಲು ತುಸು ದಪ್ಪ, ಮೇಲೆ ತೆಳು. ಚೌಕಟ್ಟು ಆ ಹೆಗಲಿನ ಮೇಲೆ ಕೂರುತ್ತದೆ. ಮೇಲೆ ಕೂತವರ ಭಾರ ಅದನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆಯೇ ಹೊರತು ಸಡಿಲಿಸುವುದಿಲ್ಲ. ಕಾಲುಗಳು ನೆಟ್ಟಗಿರದೆ ಕೆಳಗೆ ಹೋದಂತೆ ಸ್ವಲ್ಪ ಹೊರಕ್ಕೆ ಓರೆ.

ಚೌಕಟ್ಟಿನ ನಾಲ್ಕು ಪಟ್ಟಿಗಳು ಮೂಲೆಯಲ್ಲಿ ಓರೆಯಾಗಿ ಕೂಡುತ್ತವೆ. ಮೇಲಿನಿಂದ ನೋಡಿದರೆ 45 ಡಿಗ್ರಿಯ ಗೆರೆ ಮಾತ್ರ ಕಾಣುತ್ತದೆ. ಒಳಗೆ ಒಂದರ ನಾಲಿಗೆ ಇನ್ನೊಂದರ ತೂತಿಗೆ ಹೊಕ್ಕಿರುತ್ತದೆ. ಕೂರುವ ಜಾಗ ಹಲಗೆಯದಾದರೆ ಅದರ ಅಂಚನ್ನು ಚೌಕಟ್ಟಿನ ಒಳಗಾಲುವೆಗೆ ಜಾರಿಸಿ ಬಿಟ್ಟಿರುತ್ತಾರೆ. ಅಂಟು ಹಾಕಿರುವುದಿಲ್ಲ, ಏಕೆಂದರೆ ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಹಾಗೆ ಆಡಲು ಜಾಗವಿಲ್ಲದಿದ್ದರೆ ಹಲಗೆ ಸೀಳುತ್ತದೆ, ಇಲ್ಲವೇ ಮೂಲೆಯ ಕೀಲನ್ನೇ ದೂಡಿ ಬಿಚ್ಚುತ್ತದೆ.

ಕ್ವಾನ್‌ಯಿಯ ಲಾಳದ ಪಟ್ಟಿಯಲ್ಲಿ ಬಡಗಿಯ ನಿಜವಾದ ಪರೀಕ್ಷೆ. ಅಷ್ಟು ಬಾಗಿದ ಪಟ್ಟಿಯನ್ನು ಒಂದೇ ಮರದಲ್ಲಿ ಕಡಿದರೆ ಎಳೆ ಅಡ್ಡ ಬಿದ್ದು ಮುರಿಯುತ್ತದೆ. ಹಾಗಾಗಿ ಮೂರು ಅಥವಾ ಐದು ತುಂಡು. ಎರಡು ತುಂಡುಗಳ ತುದಿಯನ್ನು ಅರ್ಧರ್ಧ ದಪ್ಪಕ್ಕೆ ಸೀಳಿ ಒಂದರ ಮೇಲೊಂದು ಹೊಂದಿಸುತ್ತಾರೆ. ಪ್ರತಿ ತುದಿಯ ಪುಟ್ಟ ನಾಲಿಗೆ ಎದುರಿನ ಗೂಡಿಗೆ ಹೊಕ್ಕು, ತುಂಡುಗಳು ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಕೊನೆಗೆ ಕೀಲಿನ ನಡುವಿನ ಚೌಕ ತೂತಿಗೆ ಒಂದು ಕಡೆ ಸಪೂರವಿರುವ ಬೆಣೆ ಬಡಿಯುತ್ತಾರೆ. ಬೆಣೆ ಒಳಹೋದಷ್ಟೂ ಎರಡು ತುಂಡು ಒಂದನ್ನೊಂದು ಎಳೆದುಕೊಳ್ಳುತ್ತವೆ. ಮೂರು ತುಂಡಿನ ಪಟ್ಟಿಗೆ ಐದು ತುಂಡಿನದಕ್ಕಿಂತ ಅಗಲವಾದ ಹಲಗೆ ಬೇಕು, ಮರ ಹೆಚ್ಚು ಹಾಳಾಗುತ್ತದೆ. ಬಲ್ಲವರು ಕೀಲುಗಳನ್ನು ಎಣಿಸುವುದು ಇದಕ್ಕೇ.

ಈಗ ನಿಮ್ಮ ಕುರ್ಚಿ. ಅಲ್ಲಾಟಕ್ಕೆ ಸಾಮಾನ್ಯ ಕಾರಣ ಬೆಣೆ ಒಣಗಿ ಸಡಿಲವಾಗಿರುವುದು, ಇಲ್ಲವೇ ಕಾಲುಗಳ ನಡುವಿನ ಅಡ್ಡಪಟ್ಟಿಯ ನಾಲಿಗೆ ಸವೆದಿರುವುದು. ಸ್ಕ್ರೂ ಹಾಕಿದರೆ ಎರಡು ಕೇಡು. ಗಡಸುಮರ ಸ್ಕ್ರೂವಿನ ಸುತ್ತ ಎಳೆಯುದ್ದಕ್ಕೂ ಬಿರುಕು ಬಿಡುತ್ತದೆ. ಜೊತೆಗೆ ಮರ ಹಿಗ್ಗಿ ಕುಗ್ಗಿದರೂ ಕಬ್ಬಿಣ ಅಲುಗುವುದಿಲ್ಲವಾದ್ದರಿಂದ ತೂತು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತದೆ. ಬಿಳಿ ಅಂಟು, ಎಪಾಕ್ಸಿ ಕೂಡ ಬೇಡ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಬಿಡಿಸಲು ಹೋದರೆ ನಾಲಿಗೆಯೇ ಕಿತ್ತು ಬರುತ್ತದೆ. ಚೀನಾದ ಬಡಗಿಗಳು ಅಂಟು ಬೇಕಾದಲ್ಲಿ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುತ್ತಿದ್ದರು. ಬಿಸಿ, ತೇವ ಕೊಟ್ಟರೆ ಅದು ಬಿಡುತ್ತದೆ, ಮುಂದಿನ ರಿಪೇರಿಗೆ ದಾರಿ ಇರುತ್ತದೆ. ಹಳೆಯ ಪೀಠೋಪಕರಣ ರಿಪೇರಿ ಮಾಡುವವರಿಗೆ ಕೊಡುವಾಗ ಮೂರು ಮಾತು ಬರೆಸಿಕೊಳ್ಳಿ: ಸವೆದ ನಾಲಿಗೆಗೆ ಅದೇ ಮರದ ತೆಳು ಸಿಬಿರು ಸೇರಿಸಬೇಕು, ಬಿಡಿಸಬಹುದಾದ ಅಂಟನ್ನೇ ಬಳಸಬೇಕು, ಮೇಲ್ಮೈಯನ್ನು ಮರಳುಕಾಗದದಲ್ಲಿ ಉಜ್ಜಬಾರದು. ಮೂರನೆಯದನ್ನು ಮರೆತು ಹಾಳಾದ ಕುರ್ಚಿಗಳೇ ಹೆಚ್ಚು.

ಅಲ್ಲಿಯವರೆಗೆ ಕುರ್ಚಿಯನ್ನು ಕೈ ಅಥವಾ ನೆತ್ತಿಪಟ್ಟಿ ಹಿಡಿದು ಎತ್ತಬೇಡಿ. ಕೂರುವ ಚೌಕಟ್ಟಿನ ಕೆಳಗೆ ಎರಡೂ ಕಡೆ ಕೈಹಾಕಿ ಎತ್ತಿ.

ಪ್ರಶ್ನೆ: ‘ಜಿತಾನ್’ ಎಂದರೆ ನಮ್ಮ ರಕ್ತಚಂದನವೇ? ‘ಹುವಾಂಗ್‌ಹುವಾಲಿ’ ಅದಕ್ಕಿಂತ ಮೇಲೇ?

ಜಿತಾನ್ ಎಂದು ಇಂದು ಗುರುತಿಸುವ ಮರ ಟೆರೋಕಾರ್ಪಸ್ ಸ್ಯಾಂಟಲಿನಸ್, ಅಂದರೆ ರಕ್ತಚಂದನವೇ. ಅದರ ತವರು ಪೂರ್ವಘಟ್ಟದ ದಕ್ಷಿಣ ಭಾಗ. ಹುವಾಂಗ್‌ಹುವಾಲಿ ಬೀಟೆಯ ಬಳಗದ ಡಾಲ್ಬರ್ಜಿಯಾ ಒಡೋರಿಫೆರಾ, ತವರು ಹೈನಾನ್ ದ್ವೀಪ. ಮಿಂಗ್ ಕಾಲದವರು ಅದನ್ನು ಬರೀ ‘ಹುವಾಲಿ’ ಎನ್ನುತ್ತಿದ್ದರು. ಹಳದಿ ಎಂಬರ್ಥದ ‘ಹುವಾಂಗ್’ ಅಂಟಿಕೊಂಡದ್ದು ಬಹಳ ಈಚೆಗೆ.

ಮೇಲು ಕೀಳು ಎನ್ನುವುದು ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ. ಮಿಂಗ್ ಕೊನೆಯ ವಿದ್ವಾಂಸರ ಮನೆಗೆ ಹುವಾಂಗ್‌ಹುವಾಲಿ ಒಪ್ಪಿತು: ಜೇನುಬಣ್ಣ, ತೆರೆತೆರೆಯಾದ ಎಳೆ, ಅಲ್ಲಲ್ಲಿ ‘ಭೂತದ ಮುಖ’ ಎಂದು ಕರೆಯುವ ಗಂಟು. ಚಿಂಗ್ ಅರಮನೆಗೆ ಕಪ್ಪುಗೆಂಪಿನ ಜಿತಾನ್ ಪ್ರಿಯವಾಯಿತು. ಅದರ ಎಳೆ ಎಷ್ಟು ಬಿಗಿ ಎಂದರೆ ನವುರು ಕೆತ್ತನೆಯ ಅಂಚೂ ಚಕ್ಕೆ ಏಳುವುದಿಲ್ಲ. ಆದರೆ ಆ ಮರದ ಚೇಗಿನಲ್ಲಿ ಟೊಳ್ಳು ಸಾಮಾನ್ಯ. ‘ಹತ್ತು ಜಿತಾನಿನಲ್ಲಿ ಒಂಬತ್ತು ಪೊಳ್ಳು’ ಎಂಬ ಗಾದೆಯೇ ಇದೆ. ಹಾಗಾಗಿ ಕಲೆಯಿಲ್ಲದ ಅಗಲವಾದ ಒಂದೇ ಜಿತಾನ್ ಹಲಗೆ ಕಂಡರೆ ಖುಷಿಪಡುವ ಮೊದಲು ಅನುಮಾನಪಡಿ.

ಗುರುತಿಗೆ ಮೊದಲು ತೂಕ ನೋಡಿ. ಜಿತಾನ್ ನೀರಿಗಿಂತ ಭಾರ, ತುಂಡು ಮುಳುಗುತ್ತದೆ. ಹುವಾಂಗ್‌ಹುವಾಲಿ ಸಾಮಾನ್ಯವಾಗಿ ತೇಲುತ್ತದೆ. ಜಿತಾನಿನ ಹೊಸ ಚಕ್ಕೆಯನ್ನು ಕಾಗದಕ್ಕೆ ಉಜ್ಜಿದರೆ ಕೆಂಪು ಗೆರೆ, ಮದ್ಯಸಾರದಲ್ಲಿ ಹಾಕಿದರೆ ಕೆಂಪು ಇಳಿಯುತ್ತದೆ. ಹುವಾಂಗ್‌ಹುವಾಲಿಯಲ್ಲಿ ಹೊಸದಾಗಿ ಕೆರೆದ ಕಡೆ ಘಮ. ಆದರೆ ಯಾರದೋ ಹಳೆಯ ಕುರ್ಚಿಯನ್ನು ಕೆರೆಯಲು ಹೋಗಬೇಡಿ. ವಿಯೆಟ್ನಾಂ ಕಡೆಯ ಹತ್ತಿರದ ಜಾತಿಯನ್ನು ಕಣ್ಣಿನಿಂದ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ. ಕಾಸು ದೊಡ್ಡದಾದರೆ ಮರದ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ರಯೋಗಾಲಯವೇ ಗತಿ. ‘ಹೊಂಗ್‌ಮು’ ಎಂಬ ಚೀಟಿಯನ್ನು ಮಾತ್ರ ಒಂದೇ ಮರದ ಹೆಸರೆಂದು ನಂಬಬೇಡಿ. ಚೀನಾದ 2017ರ ಮಾನದಂಡದಲ್ಲಿ ಆ ಹೆಸರಿನಡಿ 29 ಜಾತಿಗಳಿವೆ.

ಪ್ರಶ್ನೆ: ‘ಮಿಂಗ್ ಕಾಲದ್ದು’ ಎಂದು ಒಂದು ಜೊತೆ ಟೋಪಿ ಕುರ್ಚಿ ಮಾರಾಟಕ್ಕಿದೆ. ಏನೇನು ನೋಡಬೇಕು?

ಮೊದಲು ಒಪ್ಪಿಗೆ ಕೇಳಿ ಕುರ್ಚಿಯನ್ನು ತಲೆಕೆಳಗು ಮಾಡಿ ಮೆತ್ತನೆಯ ಬಟ್ಟೆಯ ಮೇಲಿಡಿ. ಮಾರುವವರು ಇದಕ್ಕೇ ಹಿಂಜರಿದರೆ ಅಲ್ಲಿಗೆ ಮಾತು ಮುಗಿಸಿ.

ಅಡಿಯಲ್ಲಿ ಕೈಗರಗಸ, ಕೈಹತ್ತರಿಯ ಗುರುತು ಅಂಕುಡೊಂಕಾಗಿರುತ್ತದೆ. ಒಂದೇ ಅಂತರದ ಬಾಗಿದ ಗೆರೆಗಳು ಕಂಡರೆ ಅದು ಚಕ್ರಗರಗಸ. ಕೀಲು ಬಿರಿದ ಕಡೆ ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ಉಳಿಯಿಂದ ಕಡಿದ ತೂತಿನ ಮೂಲೆ ಚೌಕ, ಯಂತ್ರದ್ದು ದುಂಡು. ಹಲವು ಹಳೆಯ ಕುರ್ಚಿಗಳ ಅಡಿಗೆ ಬಟ್ಟೆ ಅಂಟಿಸಿ ಅರಗು ಬಳಿದಿರುತ್ತಾರೆ, ತೇವ ತಡೆಯಲು. ಅದು ಬಿರುಕು ಬಿಟ್ಟು ಚಕ್ಕೆಯಾಗಿ ಉದುರುತ್ತಿದ್ದರೆ ಒಳ್ಳೆಯ ಲಕ್ಷಣ. ಇಡೀ ಅಡಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಏನನ್ನೋ ಮುಚ್ಚಿದ್ದಾರೆ.

ಆಮೇಲೆ ಸವೆತ. ಕಾಲಿಡುವ ಮುಂದಿನ ಅಡ್ಡಪಟ್ಟಿಯ ಮೇಲ್ಭಾಗ ಬಹಳ ಸವೆದಿರಬೇಕು. ಅದರ ಕೆಳಭಾಗ ಸವೆಯುವುದಕ್ಕೆ ಕಾರಣವೇ ಇಲ್ಲ. ಕೈಯ ಮುಂತುದಿ ಅಂಗೈ ಆಡಿದಷ್ಟು ನುಣುಪು, ಒಳಬದಿಯ ಸಂದು ಒರಟು. ಮೋಸದ ಸವೆತ ಎಲ್ಲೆಡೆ ಸಮನಾಗಿರುತ್ತದೆ. ಕಾಲಿನ ತುದಿ ನೆಲದ ತೇವ ಕುಡಿದು ಬಿಳಚಿ, ಎಳೆ ಎದ್ದು ನಿಂತಿರಬೇಕು. ನಾಲ್ಕೂ ಪಾದ ಚೊಕ್ಕವಾಗಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸದು ಸೇರಿಸಿರಬಹುದು. ಹೊಸ ಪಾದದ ಕೀಲು ಸಾಮಾನ್ಯವಾಗಿ ಕೆಳಗಿನ ಅಡ್ಡಪಟ್ಟಿಯ ಸುತ್ತಮುತ್ತ ಅಡಗಿರುತ್ತದೆ.

ಅಡ್ಡಪಟ್ಟಿಗಳ ಎತ್ತರವನ್ನೂ ಅಳೆಯಿರಿ. ಬಹುತೇಕ ಕುರ್ಚಿಗಳಲ್ಲಿ ಮುಂದಿನದು ಎಲ್ಲಕ್ಕಿಂತ ಕೆಳಗೆ, ಪಕ್ಕದವು ಅದಕ್ಕಿಂತ ಮೇಲೆ, ಹಿಂದಿನದು ಇನ್ನೂ ಮೇಲೆ. ‘ಮೆಟ್ಟಿಲು ಮೆಟ್ಟಿಲಾಗಿ ಏಳಿಗೆ’ ಎಂದು ಇದಕ್ಕೆ ಶುಭದ ಅರ್ಥ ಹಚ್ಚುತ್ತಾರೆ. ಬಡಗಿಯ ಕಾರಣ ಸರಳ: ಒಂದೇ ಎತ್ತರದಲ್ಲಿ ಎರಡು ಕಡೆಯಿಂದ ತೂತು ಕೊರೆದರೆ ಕಾಲು ಅಲ್ಲೇ ಮುರಿಯುತ್ತದೆ. ಎತ್ತರಗಳು ಹೊಂದದಿದ್ದರೆ, ಅಥವಾ ಕಾಲಿನಲ್ಲಿ ಮುಚ್ಚಿದ ಹಳೆಯ ತೂತುಗಳಿದ್ದರೆ, ಬೇರೆ ಬೇರೆ ಕುರ್ಚಿಯ ತುಂಡು ಸೇರಿಸಿ ಕಟ್ಟಿದ್ದೆಂದು ತಿಳಿಯಿರಿ. ಪೂರ್ತಿ ಹೊಸದಕ್ಕಿಂತ ಇಂಥ ಜೋಡಣೆಯೇ ಅಪಾಯ. ಮರ ನಿಜವಾಗಿ ಹಳೆಯದಾದ್ದರಿಂದ ಇಂಗಾಲದ ಪರೀಕ್ಷೆಯೂ ಪಾಸಾಗುತ್ತದೆ. ಆ ಪರೀಕ್ಷೆ ಹೇಳುವುದು ಮರ ಬೆಳೆದ ಕಾಲವನ್ನು, ಕುರ್ಚಿ ಕಟ್ಟಿದ ಕಾಲವನ್ನಲ್ಲ.

ಜೊತೆ ಎಂದರೆ ಎರಡರ ಅಳತೆಯೂ ಕೆಲವೇ ಮಿಲಿಮೀಟರ್ ವ್ಯತ್ಯಾಸದೊಳಗೆ ಹೊಂದಬೇಕು. ಎರಡರ ಬೆನ್ನುಪಟ್ಟಿಯೂ (ಒರಗಿನ ನಡುವೆ ಬೆನ್ನು ತಾಗುವ ನಿಲುಪಟ್ಟಿ) ಒಂದೇ ಮರದ ಅಕ್ಕಪಕ್ಕದ ಸೀಳಾಗಿದ್ದರೆ ಎಳೆಗಳು ಅವಳಿಯಂತೆ ಕಾಣುತ್ತವೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ಕಾಗದಪತ್ರ. ರಕ್ತಚಂದನ 1995ರಿಂದಲೂ ಡಾಲ್ಬರ್ಜಿಯಾ ಬಳಗ 2017ರಿಂದಲೂ ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಹಳೆಯ ವಸ್ತುವೆಂದ ಮಾತ್ರಕ್ಕೆ ಗಡಿಯಲ್ಲಿ ಸಲೀಸಾಗಿ ಬಿಡುತ್ತಾರೆಂದುಕೊಳ್ಳಬೇಡಿ. ಚೀನಾದಿಂದ 1911ಕ್ಕಿಂತ ಹಿಂದಿನ ಪ್ರಾಚೀನ ವಸ್ತುಗಳನ್ನು ಹೊರಗೆ ಒಯ್ಯುವುದಕ್ಕಂತೂ ಅಲ್ಲಿನ ನಿಯಮ ಅಡ್ಡಬರುತ್ತದೆ. ಮುಂಗಡ ಕೊಡುವ ಮೊದಲೇ ಯಾವ ದೇಶದಿಂದ, ಯಾವ ಪತ್ರದ ಮೇಲೆ ಬರುತ್ತದೆ ಎಂದು ಕೇಳಿ.

ಪ್ರಶ್ನೆ: ಕೆಲವು ಕುರ್ಚಿಗಳು ಕೋಟಿಗಟ್ಟಲೆಗೆ ಹೋಗಲು ಕಾರಣ?

2015ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಏಷ್ಯಾದ ಕಲಾವಸ್ತುಗಳ ವ್ಯಾಪಾರಿ ರಾಬರ್ಟ್ ಎಲ್ಸ್‌ವರ್ತ್ ಸಂಗ್ರಹದ ನಾಲ್ಕು ಹುವಾಂಗ್‌ಹುವಾಲಿ ಕ್ವಾನ್‌ಯಿಗಳು ಸುಮಾರು 97 ಲಕ್ಷ ಡಾಲರಿಗೆ ಹೋದವು. 2022ರಲ್ಲಿ ಹಾಂಗ್‌ಕಾಂಗ್‌ನ ಸದಬೀಸ್‌ನಲ್ಲಿ ಒಂದೇ ಒಂದು ಮಡಚುವ ಜಿಯಾವೊಯಿ 12.46 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿತು. ಮೊದಲನೆಯದರಲ್ಲಿ ಬೆಲೆ ಏರಿಸಿದ್ದು ನಾಲ್ಕರ ಪೂರ್ತಿ ಸೆಟ್ಟು ಮತ್ತು ಯಾರ ಕೈಯಿಂದ ಬಂತು ಎಂಬ ದಾಖಲೆ. ಮನೆ ಪಾಲಾದಾಗ ಕುರ್ಚಿಗಳೂ ಪಾಲಾಗುತ್ತವೆ, ನಾಲ್ಕು ಒಟ್ಟಿಗೆ ಉಳಿಯುವುದು ಅಪರೂಪ. ಎರಡನೆಯದರಲ್ಲಿ ಅಪರೂಪ ಎನ್ನುವುದು ಆ ರೂಪದ್ದೇ. ಮಡಚುವ, ಹೊತ್ತು ತಿರುಗುವ ಕುರ್ಚಿ ಬೇಗ ಮುರಿಯುತ್ತದೆ, ಹೀಗಾಗಿ ಉಳಿದವು ಬೆರಳೆಣಿಕೆ.

ಪ್ರಶ್ನೆ: ನನ್ನ ಕುರ್ಚಿಯಲ್ಲಿ ಕೂರುವ ಜಾಗ ಗಟ್ಟಿ ಹಲಗೆಯದು. ಮೂಲದಲ್ಲಿ ಬೆತ್ತ ಇತ್ತೇ ಎಂದು ತಿಳಿಯುವುದು ಹೇಗೆ?

ಚೌಕಟ್ಟಿನ ಒಳ ಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳಿವೆಯೇ ಎಂದು ಅಡಿಯಿಂದ ನೋಡಿ. ಮುಚ್ಚಿದ್ದರೂ ಬಣ್ಣದ ವ್ಯತ್ಯಾಸ ಕಾಣುತ್ತದೆ. ಇದ್ದರೆ ಮೂಲದಲ್ಲಿ ಅದು ಬೆತ್ತದ ಆಸನ: ಕೆಳಗೆ ತಾಳೆನಾರಿನ ಹುರಿಯ ಬಲೆ, ಮೇಲೆ ನವುರಾದ ಬೆತ್ತದ ಹೆಣಿಗೆ, ತೂತುಗಳನ್ನು ಮರೆಮಾಡಲು ಅಂಚಿಗೊಂದು ತೆಳು ಪಟ್ಟಿ. ಇನ್ನೊಂದು ಸುಳಿವು ಅಡಿಯ ಆಧಾರಪಟ್ಟಿ. ಬೆತ್ತ ಕೂತವರ ಭಾರಕ್ಕೆ ಜಗ್ಗುವುದರಿಂದ ಅದರ ಕೆಳಗಿನ ಎರಡು ಪಟ್ಟಿಗಳನ್ನು ಕೆಳಮುಖವಾಗಿ ಬಿಲ್ಲಿನಂತೆ ಬಾಗಿಸಿರುತ್ತಾರೆ. ಹಲಗೆಯ ಆಸನಕ್ಕೆ ಬಾಗಿಲ್ಲದ ನೇರ ಪಟ್ಟಿ ಸಾಕು. ನೇರ ಹಲಗೆಯ ಕೆಳಗೆ ಬಾಗಿದ ಪಟ್ಟಿ ಕಂಡರೆ ಹಲಗೆ ಆಮೇಲೆ ಬಂದದ್ದು.

ಬೆತ್ತ ಮನುಷ್ಯನ ಆಯುಸ್ಸಿಗಿಂತ ಹೆಚ್ಚು ಬಾಳುವುದು ಅಪರೂಪ, ಹಾಗಾಗಿ ಬದಲಾದ ಆಸನವನ್ನು ದೊಡ್ಡ ದೋಷವೆಂದು ಯಾರೂ ಎಣಿಸುವುದಿಲ್ಲ. ಮತ್ತೆ ಬೆತ್ತ ಹೆಣಿಸುವುದಾದರೆ ಹಳೆಯ ತೂತುಗಳನ್ನೇ ಬಳಸಿ, ಹೊಸದಾಗಿ ಕೊರೆಯಬೇಡಿ. ತೂತುಗಳ ನಡುವಿನ ಮರ ತೆಳುವಾದಷ್ಟೂ ಇಡೀ ಅಂಚು ಸೀಳುವ ಭಯ.

ಪ್ರಶ್ನೆ: ಇಷ್ಟೆಲ್ಲ ಆದರೂ ಕೂತರೆ ಸುಖವಿಲ್ಲ. ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲ!

ತಾಗಬಾರದು. ಆಸನ ನೆಲದಿಂದ ಸುಮಾರು 50 ಸೆಂ.ಮೀ. ಎತ್ತರ. ಪಾದ ಇರಬೇಕಾದದ್ದು ಮುಂದಿನ ಅಡ್ಡಪಟ್ಟಿಯ ಮೇಲೆ, ಹಾಸುಗಲ್ಲಿನ ತಂಡಿ ತಾಗದಂತೆ. ಹಿಂದಕ್ಕೆ ಜಾರಿ ಕೂರುವ ಕುರ್ಚಿಯಲ್ಲ ಇದು. ನಡು ನೆಟ್ಟಗೆ, ಬೆನ್ನಿನ ಬಾಗು ಬೆನ್ನುಪಟ್ಟಿಯ ಬಾಗಿಗೆ ಹೊಂದಿ, ಅಗಲ ತೋಳಿನ ನಿಲುವಂಗಿ ಎರಡೂ ಕೈಗಳ ಮೇಲೆ ಇಳಿಬಿದ್ದಿರಬೇಕು. ಎದುರು ನಿಂತವರಿಗೆ ಕೂತವನು ಹಾಗೆ ಕಾಣಲಿ ಎಂದೇ ಅಳತೆ ಹಾಕಿದ್ದು. ಹಳೆಯ ಕುರ್ಚಿಯಾದರೆ ಆ ಪಟ್ಟಿಯ ಮೇಲೆ ಚಪ್ಪಲಿ ಕಾಲಿಡಬೇಡಿ, ಮುಂದೆ ಬೇರೆ ಕಾಲುಮಣೆ ಇಟ್ಟುಕೊಳ್ಳಿ. ಆಸನದ ಮೇಲೆ ಎರಡು ಬೆರಳು ದಪ್ಪದ ಹತ್ತಿಯ ಮೆತ್ತೆ ಹಾಕಿದರೆ ಅರ್ಧ ಗಂಟೆ ಕೂರಬಹುದು.